ಸ್ಟೋನ್‌ವಾಲ್‌ಗಿಂತ ನೂರು ವರ್ಷ ಹಿಂದಕ್ಕೆ ಹೋಗೋಣ

ಪ್ರಶ್ನೆ: ಗೇ ಮತ್ತು ಲೆಸ್ಬಿಯನ್ ಜನರ ಹೋರಾಟ 1969ರಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಅನ್ನೋ ಬಾರ್‌ನಲ್ಲಿ ಆದ ಗಲಾಟೆಯಿಂದ ಶುರುವಾಯ್ತು ಅಂತ ಎಲ್ಲ ಕಡೆ ಓದಿದ್ದೇನೆ. ಅದಕ್ಕೂ ಮೊದಲು ಏನೂ ಇರಲಿಲ್ವಾ? ಇನ್ನೊಂದು, ಈ ಚರಿತ್ರೆಯಲ್ಲಿ ಗಂಡಸರ ಹೆಸರೇ ಜಾಸ್ತಿ ಕೇಳಿಸುತ್ತದೆ. ಹೆಂಗಸರು ಎಲ್ಲಿದ್ದರು?

ಉತ್ತರ: ಇತ್ತು. ಬೇಕಾದಷ್ಟು ಇತ್ತು. ಸ್ಟೋನ್‌ವಾಲ್ ಗಲಾಟೆ ಆಗುವ ಹೊತ್ತಿಗೆ ಈ ಹೋರಾಟಕ್ಕೆ ನೂರು ವರ್ಷ ದಾಟಿತ್ತು.

ಹಾಗಾದರೆ ಅದು ನಮ್ಮ ಕಿವಿಗೆ ಯಾಕೆ ಬೀಳಲಿಲ್ಲ? ಒಂದು ಭಾಷೆಯವರ, ಒಂದು ಧರ್ಮದವರ ಕಥೆ ಮನೆಯೊಳಗೇ ದಾಟಿಕೊಂಡು ಬರುತ್ತದೆ. ಅಜ್ಜಿ ಮೊಮ್ಮಗಳಿಗೆ ಹೇಳುತ್ತಾಳೆ. ಗೇ ಹುಡುಗನಿಗೆ, ಲೆಸ್ಬಿಯನ್ ಹುಡುಗಿಗೆ ಹಾಗೆ ಹೇಳುವ ಅಜ್ಜಿ ಸಾಮಾನ್ಯವಾಗಿ ಇರುವುದಿಲ್ಲ. ತಮ್ಮಂಥವರು ಹಿಂದೆಯೂ ಇದ್ದರು ಅನ್ನುವುದನ್ನು ಪ್ರತಿ ತಲೆಮಾರೂ ಮನೆಯ ಹೊರಗೆ ಹುಡುಕಿಕೊಳ್ಳಬೇಕು. ಹೊರಗಿದ್ದದ್ದನ್ನು ಪೊಲೀಸರು ಹೊತ್ತುಕೊಂಡು ಹೋದರೆ, ಯಾರಾದರೂ ಸುಟ್ಟುಬಿಟ್ಟರೆ, ಎಲ್ಲ ಮತ್ತೆ ಮೊದಲಿನಿಂದ. ಈ ಚರಿತ್ರೆಯಲ್ಲಿ ನನಗೆ ಅತಿ ಜಾಸ್ತಿ ನೋವು ಕೊಡುವ ಸಂಗತಿ ಇದೇ.

1867ರ ಆಗಸ್ಟ್ 29ಕ್ಕೆ ಹೋಗೋಣ. ಮ್ಯೂನಿಕ್ ನಗರದಲ್ಲಿ ಜರ್ಮನ್ ಕಾನೂನು ತಜ್ಞರ ಸಮ್ಮೇಳನ. ನೂರಾರು ಜನ ಕೂತಿದ್ದಾರೆ. ಹ್ಯಾನೋವರ್‌ ಕಡೆಯ ಕಾರ್ಲ್ ಹೈನ್ರಿಖ್ ಉಲ್ರಿಕ್ಸ್ ಅನ್ನುವ ವಕೀಲರು ವೇದಿಕೆ ಹತ್ತುತ್ತಾರೆ. ಗಂಡಸನ್ನು ಪ್ರೀತಿಸುವ ಗಂಡಸರನ್ನು ಜೈಲಿಗೆ ಹಾಕುವ ಕಾನೂನು ತೆಗೆಯಿರಿ ಅಂತ ಕೇಳುವುದಕ್ಕೆ. ಅದಕ್ಕೂ ಮೂರು ವರ್ಷ ಮೊದಲಿಂದ ಬೇರೆ ಹೆಸರಿನಲ್ಲಿ ಕಿರುಹೊತ್ತಿಗೆಗಳನ್ನು ಬರೆದು ಹಂಚುತ್ತಿದ್ದರು. ಈಗ ಸ್ವಂತ ಮುಖ ಹೊತ್ತು ನಿಂತಿದ್ದರು. ಎದೆ ಹೊಡೆದುಕೊಳ್ಳುತ್ತಿತ್ತು ಅಂತ ಆಮೇಲೆ ತಾವೇ ಬರೆದಿದ್ದಾರೆ. ವಿಷಯ ಏನು ಅಂತ ಸಭೆಗೆ ಅರ್ಥವಾಗುತ್ತಿದ್ದ ಹಾಗೇ ಕೂಗು ಶುರುವಾಯಿತು. ‘ನಿಲ್ಲಿಸಿ, ನಿಲ್ಲಿಸಿ’ ಅಂತ ಕೆಲವರು, ‘ಮುಂದುವರಿಸಿ’ ಅಂತ ಕೆಲವರು. ಕೊನೆಗೆ ಅಧ್ಯಕ್ಷರು, ಉಳಿದದ್ದನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳಿ ಅಂದರು. ನಾಲ್ಕು ಜನಕ್ಕೆ ತಿಳಿಯುವ ಭಾಷೆಯಲ್ಲಿ ಆಡಬಾರದ ಮಾತು ಅಂತ. ಉಲ್ರಿಕ್ಸ್ ಕಾಗದ ಕೆಳಗಿಟ್ಟು ಇಳಿದುಬಂದರು. ನಮಗೆ ಗೊತ್ತಿರುವ ಮಟ್ಟಿಗೆ, ಗಂಡಸರನ್ನು ಪ್ರೀತಿಸುವ ಒಬ್ಬ ಮನುಷ್ಯ ತನ್ನಂಥವರ ಪರವಾಗಿ ಹಾಗೆ ತುಂಬಿದ ಸಭೆಯಲ್ಲಿ ಎದ್ದುನಿಂತದ್ದು ಅದೇ ಮೊದಲು.

‘ಹೋಮೋಸೆಕ್ಷುಯಲ್’ (ಸಲಿಂಗಕಾಮಿ) ಅನ್ನುವ ಪದ ಅಚ್ಚಾಗಿದ್ದೂ ಅದಾಗಿ ಎರಡು ವರ್ಷಕ್ಕೆ, 1869ರಲ್ಲಿ. ಹುಟ್ಟಿಸಿದ್ದು ಕಾರ್ಲ್ ಮಾರಿಯಾ ಕೆರ್ಟ್‌ಬೆನಿ ಅನ್ನುವ ಬರಹಗಾರ, ಅದೂ ಇದೇ ಕಾನೂನನ್ನು ವಿರೋಧಿಸಿ ಬರೆದ ಹೊತ್ತಿಗೆಗಳಲ್ಲಿ. ಆಮೇಲೆ ಕಾಯಿಲೆಯ ಹೆಸರಿನಂತೆ ಬಳಕೆಯಾದ ಪದ ಹುಟ್ಟಿದ್ದು ಹಕ್ಕಿನ ವಾದಕ್ಕೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ.

ಉಲ್ರಿಕ್ಸ್ ಸೋತರು. 1871ರಲ್ಲಿ ಒಂದಾದ ಜರ್ಮನಿ ಗಂಡಸರ ನಡುವಿನ ಸಂಬಂಧವನ್ನು ಅಪರಾಧ ಮಾಡುವ 175ನೇ ಕಲಂ ಅನ್ನು ತನ್ನ ಕಾನೂನಿನಲ್ಲಿ ಸೇರಿಸಿತು. ಆದರೆ ಕಥೆ ಮುಗಿಯಲಿಲ್ಲ. 1897ರ ಮೇ 15ರಂದು ಬರ್ಲಿನ್‌ನಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅನ್ನುವ ಡಾಕ್ಟರ ಮನೆಯಲ್ಲಿ ನಾಲ್ಕು ಜನ ಸೇರಿ ಒಂದು ಸಮಿತಿ ಕಟ್ಟಿದರು. ವಿಜ್ಞಾನದ ದಾರಿಯಲ್ಲಿ ನ್ಯಾಯ ಅನ್ನುವುದು ಅವರ ಮಾತು. 175ನೇ ಕಲಂ ತೆಗೆಯಿರಿ ಅಂತ ಅವರು ಬರೆದ ಮನವಿಗೆ ವರ್ಷಗಳ ಮೇಲೆ ಸಾವಿರಾರು ಜನ ಸಹಿ ಹಾಕಿದರು. ಐನ್‌ಸ್ಟೈನ್ ಹೆಸರೂ ಅದರಲ್ಲಿದೆ. 1919ರಲ್ಲಿ ಹಿರ್ಷ್‌ಫೆಲ್ಡ್ ಲೈಂಗಿಕತೆಯ ಬಗ್ಗೆ ಒಂದು ಸಂಶೋಧನಾ ಸಂಸ್ಥೆ ತೆರೆದರು. ಗ್ರಂಥಾಲಯ, ಸಲಹಾ ಕೇಂದ್ರ, ಚಿಕಿತ್ಸೆ ಎಲ್ಲ ಒಂದೇ ಕಡೆ. 1920ರ ದಶಕದ ಬರ್ಲಿನ್‌ನಲ್ಲಿ ಗೇ ಬಾರ್‌ಗಳು, ಲೆಸ್ಬಿಯನ್ ಕ್ಲಬ್‌ಗಳು, ಪತ್ರಿಕೆಗಳು ಇದ್ದವು. ಹೆಂಗಸರಿಗಾಗಿಯೇ 1924ರಲ್ಲಿ ಶುರುವಾದ ಒಂದು ಪತ್ರಿಕೆಯ ಹೆಸರು ‘ಡೀ ಫ್ರಾಯಿಂಡಿನ್’. ಅಂದರೆ ಗೆಳತಿ.

1929ರ ಅಕ್ಟೋಬರ್‌ನಲ್ಲಿ ಜರ್ಮನ್ ಸಂಸತ್ತಿನ ಸಮಿತಿಯೊಂದು 13ರ ವಿರುದ್ಧ 15 ಮತಗಳಿಂದ ಆ ಕಲಂ ತೆಗೆಯಲು ಒಪ್ಪಿಯೂ ಬಿಟ್ಟಿತ್ತು. ಎಷ್ಟು ಹತ್ತಿರ ಬಂದಿದ್ದರು ನೋಡಿ. ಅದು ಕಾನೂನಾಗುವ ಮೊದಲೇ ನಾಜಿಗಳು ಬಂದರು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಹಿರ್ಷ್‌ಫೆಲ್ಡ್ ಅವರ ಸಂಸ್ಥೆಗೆ ನುಗ್ಗಿ ಹತ್ತು ಸಾವಿರಕ್ಕೂ ಜಾಸ್ತಿ ಪುಸ್ತಕ ಹೊತ್ತೊಯ್ದರು. ನಾಲ್ಕು ದಿನ ಆದ ಮೇಲೆ ಊರಿನ ನಡುವಿನ ಚೌಕದಲ್ಲಿ ಗುಡ್ಡೆ ಹಾಕಿ ಸುಟ್ಟರು. ನಾಜಿಗಳು ಪುಸ್ತಕ ಸುಡುವ ಆ ಫೋಟೋ ನೀವೂ ನೋಡಿರಬಹುದು. ಅದರಲ್ಲಿ ಉರಿಯುತ್ತಿದ್ದದ್ದರಲ್ಲಿ ಈ ಗ್ರಂಥಾಲಯವೂ ಸೇರಿತ್ತು ಅಂತ ಫೋಟೋದ ಕೆಳಗೆ ಬರೆಯುವವರು ಕಡಿಮೆ. ಹಿರ್ಷ್‌ಫೆಲ್ಡ್ ಆಗ ದೇಶದಲ್ಲಿರಲಿಲ್ಲ. ತಮ್ಮ ಬದುಕಿನ ಕೆಲಸ ಬೂದಿಯಾಗುವುದನ್ನು ಪ್ಯಾರಿಸ್ಸಿನ ಒಂದು ಸಿನಿಮಾ ಮಂದಿರದಲ್ಲಿ, ಸುದ್ದಿಚಿತ್ರದಲ್ಲಿ ನೋಡಿದರು.

ನಾಜಿಗಳ ಕಾಲದಲ್ಲಿ 175ನೇ ಕಲಂ ಅಡಿ ಸುಮಾರು 50,000 ಗಂಡಸರಿಗೆ ಶಿಕ್ಷೆಯಾಯಿತು. ಸಾವಿರಾರು ಜನ ಬಟ್ಟೆಯ ಮೇಲೆ ಸಲಿಂಗಿ ಕೈದಿ ಅನ್ನುವ ಗುರುತಿನ ಗುಲಾಬಿ ತ್ರಿಕೋನ ಹೊಲಿಸಿಕೊಂಡು ಯಾತನಾ ಶಿಬಿರಗಳಲ್ಲಿ ಸತ್ತರು. ಯುದ್ಧ ಮುಗಿದ ಮೇಲಾದರೂ ಬಿಡುಗಡೆ ಆಯ್ತಾ? ಇಲ್ಲ. ಪಶ್ಚಿಮ ಜರ್ಮನಿ ನಾಜಿಗಳು ಬಿಗಿ ಮಾಡಿದ್ದ ಅದೇ ಕಲಮನ್ನು 1969ರವರೆಗೆ ಹಾಗೇ ಇಟ್ಟುಕೊಂಡಿತು. ಆ ಅವಧಿಯಲ್ಲಿ ಮತ್ತೆ ಸುಮಾರು 50,000 ಜನಕ್ಕೆ ಶಿಕ್ಷೆ. ಶಿಬಿರದಿಂದ ಬದುಕಿ ಬಂದವರು ಬಾಯಿ ಬಿಟ್ಟರೆ ಮತ್ತೆ ಜೈಲು. ಹಾಗಿರುವಾಗ ಯಾರು ಯಾರಿಗೆ ಕಥೆ ಹೇಳುತ್ತಾರೆ? ಕಲಂ ಪೂರ್ತಿ ಹೋಗಿದ್ದು 1994ರಲ್ಲಿ.

ಆದರೂ ಒಂದು ಎಳೆ ತುಂಡಾಗದೆ ಉಳಿಯಿತು. ಹೆನ್ರಿ ಗರ್ಬರ್ ಅನ್ನುವವರು ಮೊದಲ ಮಹಾಯುದ್ಧದ ನಂತರ ಅಮೆರಿಕದ ಸೇನೆಯ ಜೊತೆ ಜರ್ಮನಿಯಲ್ಲಿದ್ದರು. ಅಲ್ಲಿನ ಚಳವಳಿ ಕಣ್ಣಾರೆ ನೋಡಿ ವಾಪಸ್ ಹೋಗಿ 1924ರಲ್ಲಿ ಶಿಕಾಗೋದಲ್ಲಿ ಒಂದು ಸಣ್ಣ ಸಂಘ ನೋಂದಾಯಿಸಿದರು. ಕೆಲವೇ ತಿಂಗಳು. ಪೊಲೀಸರು ಮನೆಗೆ ನುಗ್ಗಿ ಹಿಡಿದರು. ಮೊಕದ್ದಮೆ ಬಿದ್ದುಹೋಯಿತು. ಆದರೆ ಉಳಿತಾಯ ಎಲ್ಲ ಖರ್ಚಾಗಿ, ಅಂಚೆ ಇಲಾಖೆಯ ಕೆಲಸವೂ ಹೋಯಿತು. ಮುಗಿದೇ ಹೋಯಿತು ಅಲ್ವಾ? ಆದರೆ 1930ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಹ್ಯಾರಿ ಹೇ ಅನ್ನುವ ಹದಿಹರೆಯದ ಹುಡುಗನ ಕಿವಿಗೆ ಒಬ್ಬ ಗೆಳೆಯನ ಬಾಯಿಂದ ಈ ಸಂಘದ ಸುದ್ದಿ ಬಿತ್ತು. ಹೀಗೊಂದು ಆಗಿತ್ತು, ಅಪಾಯದ ಕೆಲಸ, ತಂಟೆಗೆ ಹೋಗಬೇಡ ಅಂತ. ಹುಡುಗ ತಲೆಯಲ್ಲಿಟ್ಟುಕೊಂಡ. 20 ವರ್ಷ ಆದ ಮೇಲೆ, 1950ರ ನವೆಂಬರ್‌ನಲ್ಲಿ ಅದೇ ಹ್ಯಾರಿ ಹೇ ಲಾಸ್ ಏಂಜಲೀಸ್‌ನಲ್ಲಿ ಮ್ಯಾಟಶೀನ್ ಸೊಸೈಟಿ ಶುರು ಮಾಡಿದರು. ಅಮೆರಿಕದಲ್ಲಿ ಗಟ್ಟಿಯಾಗಿ ನಿಂತ ಮೊದಲ ಗೇ ಸಂಘಟನೆ ಅದು. ಬರ್ಲಿನ್‌ನಿಂದ ಶಿಕಾಗೋಗೆ, ಅಲ್ಲಿಂದ ಲಾಸ್ ಏಂಜಲೀಸ್‌ಗೆ, ಬರೀ ಬಾಯಿಮಾತಿನಲ್ಲಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಹೆಂಗಸರು ಎಲ್ಲಿದ್ದರು?

ಮೊದಲು ಒಂದು ವಿಷಯ ತಿಳಿಯಬೇಕು. ಗೇ ಗಂಡಸರ ಚರಿತ್ರೆಯ ದೊಡ್ಡ ಭಾಗ ನಮಗೆ ಸಿಕ್ಕಿರುವುದು ಪೊಲೀಸ್ ಮತ್ತು ಕೋರ್ಟ್ ಕಡತಗಳಿಂದ. 175ನೇ ಕಲಮಿನಂತಹ ಎಷ್ಟೋ ಕಾನೂನುಗಳು ಗಂಡಸರ ಬಗ್ಗೆ ಮಾತ್ರ ಇದ್ದವು. ಹೆಂಗಸರು ಕಡತದಲ್ಲೇ ಇಲ್ಲ. 1921ರಲ್ಲಿ ಬ್ರಿಟನ್‌ನ ಸಂಸತ್ತಿನಲ್ಲಿ ಹೆಂಗಸರ ನಡುವಿನ ಸಂಬಂಧವನ್ನೂ ಅಪರಾಧ ಮಾಡೋಣ ಅನ್ನುವ ತಿದ್ದುಪಡಿ ಬಂತು. ಕೆಳಮನೆ ಒಪ್ಪಿತು. ಮೇಲ್ಮನೆ ಬೇಡ ಅಂದಿತು. ಕಾರಣ ಕನಿಕರ ಅಲ್ಲ. ಕಾನೂನು ಮಾಡಿದರೆ, ಇಂಥದ್ದೊಂದು ಇದೆ ಅಂತ ಗೊತ್ತಿಲ್ಲದ ಹೆಂಗಸರಿಗೂ ಗೊತ್ತಾಗಿಬಿಡುತ್ತದೆ ಅನ್ನುವ ಭಯ. ಗಂಡಸರನ್ನು ಶಿಕ್ಷೆಯಿಂದ ಹಣಿದರು, ಹೆಂಗಸರನ್ನು ಮೌನದಿಂದ. ಶಿಕ್ಷೆ ಇಲ್ಲದ್ದು ಅದೃಷ್ಟ ಅಂತ ಕೆಲವರು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕೆಲಸ ಹೋಗುತ್ತಿತ್ತು, ಮಕ್ಕಳನ್ನು ಕಿತ್ತುಕೊಳ್ಳುತ್ತಿದ್ದರು, ಬಲವಂತದ ಮದುವೆ ಆಗುತ್ತಿತ್ತು. ಇದ್ಯಾವುದೂ ಪೊಲೀಸ್ ಲೆಕ್ಕಕ್ಕೆ ಬರುವುದಿಲ್ಲ.

ಹಾಗಂತ ಅವರು ಸುಮ್ನೆ ಕೂತಿರಲಿಲ್ಲ. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಟು ಹೆಂಗಸರು, ನಾಲ್ಕು ಜೋಡಿ, ಒಂದು ಮನೆಯಲ್ಲಿ ಸೇರಿದರು. ಮೊದಲ ಆಸೆ ತೀರಾ ಸಣ್ಣದು. ಬಾರ್‌ಗೆ ಹೋದರೆ ಪೊಲೀಸ್ ದಾಳಿ. ಪರದೆ ಎಳೆದ ಕೋಣೆಯಲ್ಲಿ ಹೆದರಿಕೆ ಇಲ್ಲದೆ ಜೊತೆಯಾಗಿ ಕುಣಿಯಬೇಕು, ಅಷ್ಟೇ. ಆ ಗುಂಪೇ ‘ಡಾಟರ್ಸ್ ಆಫ್ ಬಿಲಿಟಿಸ್’ ಆಯಿತು. ಅದರಲ್ಲಿದ್ದ ಒಂದು ಜೋಡಿ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಿಯಾನ್. ಸಭೆಗೆ ಹೊಸಬರು ಬಂದರೆ ಬಾಗಿಲಲ್ಲಿ ಒಬ್ಬರು ನಿಂತು ತಮ್ಮ ಹೆಸರು ಹೇಳಿ, ನೀವು ನಿಮ್ಮ ನಿಜವಾದ ಹೆಸರು ಹೇಳಬೇಕಂತಿಲ್ಲ ಅನ್ನುತ್ತಿದ್ದರಂತೆ. ಒಳಗೆ ಬರುವ ಧೈರ್ಯ ಸಾಕು, ಹೆಸರು ಆಮೇಲೆ. ಆ ಬಾಗಿಲನ್ನು ನೆನೆಸಿಕೊಂಡಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

1956ರ ಅಕ್ಟೋಬರ್‌ನಲ್ಲಿ ಅವರು ‘ದಿ ಲ್ಯಾಡರ್’ ಅನ್ನುವ ಪತ್ರಿಕೆ ತಂದರು. ಮೊದಲ ಸಂಚಿಕೆ 175 ಪ್ರತಿ, ಸೈಕ್ಲೋಸ್ಟೈಲ್ ಮಾಡಿದ್ದು. ಮೇಲೆ ಏನೂ ಬರೆಯದ ಕಂದು ಲಕೋಟೆಯಲ್ಲಿ ಅಂಚೆಗೆ ಹೋಗುತ್ತಿತ್ತು. ಸಂಪಾದಕಿ ಫಿಲಿಸ್ ಲಿಯಾನ್, ಆದರೆ ಪತ್ರಿಕೆಯಲ್ಲಿ ಇದ್ದದ್ದು ಆನ್ ಫರ್ಗುಸನ್ ಅನ್ನುವ ಸುಳ್ಳು ಹೆಸರು. ಕೆಲವು ಸಂಚಿಕೆ ಆದ ಮೇಲೆ ಅವರಿಗೇ ತಡೆಯಲಾಗಲಿಲ್ಲ. ಹೆದರಬೇಡಿ ಅಂತ ಓದುಗರಿಗೆ ಹೇಳುತ್ತಾ ತಾನೇ ಅಡಗಿ ಕೂರುವುದು ಹೇಗೆ? ಆನ್ ಫರ್ಗುಸನ್ ಸತ್ತಳು ಅಂತ ಬರೆದು ಸ್ವಂತ ಹೆಸರು ಹಾಕಿದರು.

ಮುಖಪುಟದ ಕಥೆಯಂತೂ ಇನ್ನೂ ಚೆನ್ನಾಗಿದೆ. ಮೊದಲೆಲ್ಲ ರೇಖಾಚಿತ್ರ. 1963ರಲ್ಲಿ ಬಾರ್ಬರಾ ಗಿಟಿಂಗ್ಸ್ ಸಂಪಾದಕಿಯಾದರು. ನಿಜವಾದ ಹೆಂಗಸರ ಫೋಟೋ ಹಾಕಬೇಕು ಅನ್ನುವುದು ಅವರ ಹಟ. ಫೋಟೋ ತೆಗೆಯುತ್ತಿದ್ದದ್ದು ಅವರ ಸಂಗಾತಿ ಕೇ ಲಹ್ಯೂಸೆನ್. ಒಪ್ಪುವವರು ಸಿಗಬೇಕಲ್ಲ? ಹಾಗಾಗಿ ಕಪ್ಪು ಕನ್ನಡಕ, ತಿರುಗಿಸಿದ ಮುಖ, ಬೆನ್ನು. 1966ರ ಜನವರಿಯ ಸಂಚಿಕೆಯಲ್ಲಿ ಲಿಲಿ ವಿನ್ಸೆನ್ಸ್ ನೇರವಾಗಿ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಆ ಒಂದು ನಗು ಮುಖಪುಟಕ್ಕೆ ಬರಲು ಸುಮಾರು ಹತ್ತು ವರ್ಷ ಹಿಡಿಯಿತು.

ಅದೇ ಕಾಲದಲ್ಲಿ ರಸ್ತೆಗೂ ಇಳಿದಿದ್ದರು. ಸಲಿಂಗಿಗಳಿಗೆ ಸರ್ಕಾರಿ ಕೆಲಸ ಇಲ್ಲ ಅಂತ 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಆದೇಶ ಹೊರಡಿಸಿದ್ದರು. ಅಂಥ ನೀತಿಯಿಂದ 1957ರಲ್ಲಿ ಸೇನೆಯ ನಕ್ಷೆ ವಿಭಾಗದ ಕೆಲಸ ಕಳೆದುಕೊಂಡ ಖಗೋಳ ವಿಜ್ಞಾನಿ ಫ್ರ್ಯಾಂಕ್ ಕ್ಯಾಮೆನಿ, ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಸೋತರು. 1965ರ ಏಪ್ರಿಲ್ 17ರಂದು ಹತ್ತು ಜನ ಶ್ವೇತಭವನದ ಎದುರು ಫಲಕ ಹಿಡಿದು ನಡೆದರು. ಗಂಡಸರಿಗೆ ಸೂಟು ಟೈ, ಹೆಂಗಸರಿಗೆ ಫ್ರಾಕು. ಕ್ಯಾಮೆನಿಯ ನಿಯಮ ಅದು. ಕೆಲಸ ಕೇಳುವವರು ಕೆಲಸಕ್ಕೆ ತಕ್ಕ ಹಾಗೆ ಕಾಣಬೇಕು. ಆ ವರ್ಷದಿಂದ ಪ್ರತಿ ಜುಲೈ 4ಕ್ಕೆ ಫಿಲಡೆಲ್ಫಿಯಾದಲ್ಲೂ ಇದೇ ಶಿಸ್ತಿನ ಮೌನ ಪ್ರದರ್ಶನ. ಈಗಿನವರಿಗೆ ಇದು ಅತಿ ವಿನಯ ಅನ್ನಿಸುತ್ತದೆ. ಆದರೆ ಗುರುತು ಸಿಕ್ಕರೆ ಹೊಟ್ಟೆಪಾಡೇ ಹೋಗುವ ಕಾಲದಲ್ಲಿ ಹಗಲು ಬೆಳಕಿನಲ್ಲಿ ಮುಖ ತೋರಿಸಿ ನಡೆದರಲ್ಲ, ಅದು ಸಣ್ಣ ಎದೆಗಾರಿಕೆ ಅಲ್ಲ.

ಗಲಾಟೆಯೂ ಸ್ಟೋನ್‌ವಾಲ್‌ನಲ್ಲಿ ಮೊದಲಲ್ಲ. 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ ಪೊಲೀಸ್ ಒಬ್ಬ ಕೈ ಹಿಡಿದಾಗ ಟ್ರಾನ್ಸ್ ಮಹಿಳೆಯೊಬ್ಬರು ಅವನ ಮುಖಕ್ಕೆ ಕಾಫಿ ಎರಚಿದರು. ಕುರ್ಚಿ, ಗಾಜು ಎಲ್ಲ ಹಾರಾಡಿದವು. ಮರುದಿನದ ಪತ್ರಿಕೆಗಳಲ್ಲಿ ಒಂದು ಸಾಲಿಲ್ಲ. ಅದು ಯಾವ ತಾರೀಖು ಅನ್ನುವುದೇ ಕಳೆದುಹೋಗಿದೆ. ದಶಕಗಳ ನಂತರ ಇತಿಹಾಸಕಾರರು ಕೆದಕಿ ತೆಗೆದರು.

ಇಷ್ಟೆಲ್ಲ ಇದ್ದೂ ಸ್ಟೋನ್‌ವಾಲ್ ಹೆಸರೇ ಯಾಕೆ ಉಳಿಯಿತು? 1969ರ ಜೂನ್ 28, ಶನಿವಾರದ ನಸುಕು. ಕ್ರಿಸ್ಟೋಫರ್ ಸ್ಟ್ರೀಟ್‌ನ ಆ ಬಾರ್ ಮಾಫಿಯಾದವರದ್ದು. ಲೋಟ ತೊಳೆಯಲು ಕೌಂಟರ್ ಹಿಂದೆ ನಲ್ಲಿ ನೀರೂ ಇರಲಿಲ್ಲ. ಪೊಲೀಸರು ಎಂದಿನ ಹಾಗೆ ದಾಳಿ ಮಾಡಿದರು. ಜನ ಎಂದಿನ ಹಾಗೆ ಚದುರಲಿಲ್ಲ. ಮನೆಯಿಂದ ಹೊರಹಾಕಿಸಿಕೊಂಡು ಬೀದಿಯಲ್ಲಿ ಮಲಗುತ್ತಿದ್ದ ಹುಡುಗರು, ಹೆಣ್ಣಿನ ವೇಷ ತೊಡುವ ಡ್ರ್ಯಾಗ್ ಕ್ವೀನ್‌ಗಳು, ಲೆಸ್ಬಿಯನ್ನರು ತಿರುಗಿಬಿದ್ದರು. ಪೊಲೀಸರೇ ಬಾರ್ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕಾಯಿತು. ಮೊದಲ ಕಲ್ಲು ಎಸೆದವರು ಯಾರು ಅಂತ ಈಗಲೂ ಜಗಳ. ಆ ಗಲಾಟೆಯಲ್ಲಿದ್ದ ಡ್ರ್ಯಾಗ್ ಕ್ವೀನ್ ಮಾರ್ಷಾ ಪಿ. ಜಾನ್ಸನ್ ಹೆಸರು ಹೇಳುವವರು ಜಾಸ್ತಿ. ಆದರೆ ತಾನು ಬರುವ ಹೊತ್ತಿಗೆ ಗಲಾಟೆ ಆಗಲೇ ಶುರುವಾಗಿತ್ತು ಅಂತ ಮಾರ್ಷಾ ಅವರೇ ಹೇಳಿದ್ದಾರೆ. ಅವರ ಮಾತನ್ನು ನಂಬೋಣ.

ನನ್ನ ಪ್ರಕಾರ ಉತ್ತರ ಇರುವುದು ಆ ರಾತ್ರಿಯಲ್ಲಿ ಅಲ್ಲ, ಆಮೇಲಿನ ಒಂದು ವರ್ಷದಲ್ಲಿ. ಅದಾಗಿ ಒಂದೇ ವಾರಕ್ಕೆ, ಜುಲೈ 4ಕ್ಕೆ, ಫಿಲಡೆಲ್ಫಿಯಾದ ಅದೇ ಸೂಟು ಟೈ ಪ್ರದರ್ಶನ. ಇಬ್ಬರು ಹೆಂಗಸರು ಕೈ ಕೈ ಹಿಡಿದು ನಡೆದರು. ಕ್ಯಾಮೆನಿ ಬಂದು ಆ ಕೈಗಳನ್ನು ಬಿಡಿಸಿದರು. ಇಲ್ಲಿ ಹಾಗೆಲ್ಲ ಬೇಡ ಅಂತ. ನ್ಯೂಯಾರ್ಕ್‌ನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಕ್ರೇಗ್ ರಾಡ್‌ವೆಲ್ ಅದನ್ನು ನೋಡಿ ಕೆರಳಿದರು. ಆ ನವೆಂಬರ್‌ನಲ್ಲಿ ಸಂಘಟನೆಗಳ ಸಭೆಯಲ್ಲಿ ಎಲೆನ್ ಬ್ರಾಯ್ಡಿ ಒಂದು ನಿರ್ಣಯ ಮಂಡಿಸಿದರು. ರಾಡ್‌ವೆಲ್ ಮತ್ತು ಗೆಳೆಯರು ಸೇರಿ ಬರೆದದ್ದು. ಇನ್ನು ಮೇಲೆ ಪ್ರದರ್ಶನ ಜೂನ್ ಕೊನೆಯಲ್ಲಿ, ಸ್ಟೋನ್‌ವಾಲ್ ನೆನಪಿಗೆ. ಬೇರೆ ಊರುಗಳೂ ಅದೇ ಹೊತ್ತಿಗೆ ಮಾಡಲಿ. ಬಟ್ಟೆಯ ನಿಯಮ ಇಲ್ಲ, ವಯಸ್ಸಿನ ನಿಯಮ ಇಲ್ಲ.

1970ರ ಜೂನ್ 28ರಂದು ಕೆಲವು ನೂರು ಜನ ಕ್ರಿಸ್ಟೋಫರ್ ಸ್ಟ್ರೀಟ್‌ನಿಂದ ಸೆಂಟ್ರಲ್ ಪಾರ್ಕ್ ಕಡೆ ಹೊರಟರು. ಕಲ್ಲು ಬೀಳಬಹುದು ಅನ್ನುವ ಹೆದರಿಕೆಗೆ ಓಡಿದ ಹಾಗೆ ನಡೆದೆವು ಅಂತ ಹೋದವರು ನೆನೆಸಿಕೊಂಡಿದ್ದಾರೆ. ದಾರಿಯಲ್ಲಿ ಜನ ಸೇರುತ್ತಾ ಸೇರುತ್ತಾ ಸಾವಿರಾರಾಯಿತು. ಶಿಕಾಗೋ, ಲಾಸ್ ಏಂಜಲೀಸ್‌ನಲ್ಲೂ ಆ ವಾರಾಂತ್ಯ ಮೆರವಣಿಗೆ ಆಯಿತು. ಇವತ್ತಿನ ಪ್ರೈಡ್ ಮೆರವಣಿಗೆ ಶುರುವಾಗಿದ್ದು ಹೀಗೆ. ಕಾಂಪ್ಟನ್ಸ್‌ಗೆ ಇಲ್ಲದ್ದು ಸ್ಟೋನ್‌ವಾಲ್‌ಗೆ ಸಿಕ್ಕಿತು: ಪ್ರತಿ ವರ್ಷ ತಪ್ಪದೆ ಬರುವ ಒಂದು ದಿನ. ಮನೆಯಲ್ಲಿ ಅಜ್ಜಿ ಹೇಳದ ಕಥೆಯನ್ನು ಬೀದಿ ಹೇಳತೊಡಗಿತು.

ಹೆಂಗಸರಿಗೆ ಇಲ್ಲೂ ಎರಡು ಕಡೆಯ ಜಗಳ. ಹೊಸ ಗೇ ಸಂಘಟನೆಗಳಲ್ಲಿ ಗಂಡಸರದ್ದೇ ಮಾತು. ಇತ್ತ ಮಹಿಳಾ ಚಳವಳಿಯ ನಾಯಕಿ ಬೆಟ್ಟಿ ಫ್ರೀಡನ್, ಲೆಸ್ಬಿಯನ್ನರು ಚಳವಳಿಗೆ ಕೆಟ್ಟ ಹೆಸರು ತರುತ್ತಾರೆ ಅಂತ ಅವರನ್ನು ‘ಲ್ಯಾವೆಂಡರ್ (ತಿಳಿ ನೇರಳೆ) ಗಂಡಾಂತರ’ ಅಂದಿದ್ದರು. 1970ರ ಮೇ 1ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಮಹಿಳೆಯರ ಸಮ್ಮೇಳನ. ಇದ್ದಕ್ಕಿದ್ದಂತೆ ದೀಪ ಆರಿತು. ಮತ್ತೆ ಹತ್ತಿದಾಗ 17 ಹೆಂಗಸರು ನಿಂತಿದ್ದರು, ಕೈಯಲ್ಲೇ ಬಣ್ಣ ಅದ್ದಿದ ಲ್ಯಾವೆಂಡರ್ ಟೀ ಶರ್ಟ್ ಹಾಕಿಕೊಂಡು, ಅದರ ಮೇಲೆ ಆ ಬೈಗುಳವನ್ನೇ ಬರೆದುಕೊಂಡು. ವೇದಿಕೆ ಅವರದಾಯಿತು. ಏಳು ವರ್ಷದ ನಂತರ ಹ್ಯೂಸ್ಟನ್‌ನ ರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಅದೇ ಫ್ರೀಡನ್ ಎದ್ದು ಲೆಸ್ಬಿಯನ್ ಹಕ್ಕುಗಳ ನಿರ್ಣಯವನ್ನು ಬೆಂಬಲಿಸಿದರು.

ಕಾಯಿಲೆ ಅನ್ನುವ ಹಣೆಪಟ್ಟಿ ತೆಗೆಸಿದ್ದರಲ್ಲೂ ಬಾರ್ಬರಾ ಗಿಟಿಂಗ್ಸ್ ಇದ್ದಾರೆ. 1972ರಲ್ಲಿ ಅಮೆರಿಕದ ಮನೋವೈದ್ಯರ ಸಮ್ಮೇಳನಕ್ಕೆ ಒಬ್ಬ ಗೇ ಮನೋವೈದ್ಯರನ್ನೇ ಕರೆತರಬೇಕು ಅಂತ ಹುಡುಕಾಡಿದರು. ಕೊನೆಗೆ ಒಪ್ಪಿದ ಜಾನ್ ಫ್ರೈಯರ್ ಬಂದದ್ದು ಮುಖವಾಡ, ವಿಗ್, ದೊಗಳೆ ಕೋಟು ಹಾಕಿಕೊಂಡು, ದನಿ ಬದಲಿಸುವ ಮೈಕ್ ಹಿಡಿದು. ಮರುವರ್ಷ ಡಿಸೆಂಬರ್ 15ಕ್ಕೆ ಆ ಸಂಘ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. 1980ರ ದಶಕದಲ್ಲಿ ಏಡ್ಸ್ ಬಂದು ಗಂಡಸರು ಸಾಲುಸಾಲಾಗಿ ಸಾಯುವಾಗ, ಹಾಸಿಗೆ ಪಕ್ಕ ಕೂತವರಲ್ಲಿ, ರಕ್ತ ಕೊಟ್ಟವರಲ್ಲಿ ಲೆಸ್ಬಿಯನ್ನರು ತುಂಬಾ ಜನ. ಸ್ಯಾನ್ ಡಿಯೇಗೋದಲ್ಲಿ 1983ರಲ್ಲಿ ‘ಬ್ಲಡ್ ಸಿಸ್ಟರ್ಸ್’ ಅಂತ ಹೆಸರಿಟ್ಟುಕೊಂಡು ರಕ್ತದಾನಕ್ಕೆ ನಿಂತರು. ಆ ವರ್ಷಗಳ ಬಗ್ಗೆ ಹೇಳಲು ಇನ್ನೊಂದು ಉತ್ತರವೇ ಬೇಕು.

ಪರದೆ ಎಳೆದ ಕೋಣೆಯಲ್ಲಿ ಕುಣಿದವರಲ್ಲಿ ಇಬ್ಬರ ಕಥೆ ಬಾಕಿ ಇದೆ. ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಿಯಾನ್ 1953ರಿಂದ ಒಂದೇ ಮನೆಯಲ್ಲಿದ್ದರು. 2004ರ ಫೆಬ್ರವರಿ 12ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರ ಸಲಿಂಗಿ ಜೋಡಿಗಳಿಗೆ ಮದುವೆ ಪತ್ರ ಕೊಡಲು ಶುರು ಮಾಡಿದಾಗ ಮೊದಲು ಮದುವೆಯಾದದ್ದು ಇವರು. ಕೆಲವು ತಿಂಗಳಿಗೆ ಕೋರ್ಟ್ ಆ ಮದುವೆಗಳನ್ನು ರದ್ದು ಮಾಡಿತು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಥ ಮದುವೆ ಕಾನೂನುಬದ್ಧವಾಯಿತು. ಜೂನ್ 16ರಂದು ಇಬ್ಬರೂ ಮತ್ತೆ ಅಲ್ಲಿಗೇ ಹೋದರು. ಮೊದಲ ಸಲ ಹಾಕಿಕೊಂಡಿದ್ದ ಅದೇ ಬಟ್ಟೆ ಹಾಕಿಕೊಂಡು. ಡೆಲ್ ಮಾರ್ಟಿನ್‌ಗೆ ಆಗ 87 ವರ್ಷ. ಆಗಸ್ಟ್ ಕೊನೆಗೆ ತೀರಿಕೊಂಡರು. ಆ ಎರಡು ಜೊತೆ ಬಟ್ಟೆಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಸಮುದಾಯದ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.